ಆರ್ಬಿನ್‌ನ ಕೆಮ್ಮು

ಹಲ್ಲಿಗೆ ಮೆತ್ತಿಕೊಳ್ಳುತ್ತಿದ್ದ ಕರಿ ಮೇಣದ ರುಚಿ ನನ್ನ ಬಾಯಲ್ಲಿ ಇನ್ನೂ ಇದೆ. ನನಗೀಗ ಎಂಬತ್ತನಾಲ್ಕು. ಸ್ವಂತದ್ದು ಅನ್ನುವ ಹಲ್ಲು ನಾಲ್ಕೋ ಐದೋ ಉಳಿದಿವೆ. ಆದರೂ ಚಳಿ ಶುರುವಾಗಿ ಯಾರ ಮನೆಯಿಂದಲಾದರೂ ಕಲ್ಲಿದ್ದಲ ಒಲೆಯ ವಾಸನೆ ಬಂದರೆ ಸಾಕು, ಆ ಮೇಣ ನಾಲಿಗೆಗೆ ಬರುತ್ತದೆ.

1956ರಲ್ಲಿ ನಾನು ವರ್ಜೀನಿಯಾದ ಗುಡ್ಡಗಾಡಿನ ಒಂದು ಸಣ್ಣ ಪೇಟೆಯಲ್ಲಿ ಶಾಲೆಯ ಟೀಚರಾಗಿದ್ದೆ. ಕಾಲೇಜಿನಲ್ಲಿದ್ದಾಗ ದೊಡ್ಡ ಬಾಸ್ ಎಂಬ ತಂತಿವಾದ್ಯ ನುಡಿಸಲು ಕಲಿತಿದ್ದೆ. ನನ್ನ ಎತ್ತರಕ್ಕಿಂತ ಮೊಳ ಜಾಸ್ತಿ ಇದ್ದ ಆ ವಾದ್ಯವನ್ನು ತಬ್ಬಿಕೊಂಡು ನಿಂತರೆ ಪ್ರಪಂಚದಲ್ಲಿ ನನಗೂ ಒಂದು ಜಾಗವಿದೆ ಅನ್ನಿಸುತ್ತಿತ್ತು. ಹಾಗಾಗಿ 'ಹಾಲ್ಬಿ ಕಣಿವೆಯ ಹುಡುಗರು' ತಂಡದಿಂದ ಕರೆ ಬಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಹುಡುಗರು ಎಂಬ ಹೆಸರಿನಲ್ಲಿ ಒಬ್ಬಳು ಹುಡುಗಿ ಸೇರಿಕೊಂಡದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಯಾಕೆಂದರೆ ವೇದಿಕೆಯ ಮೇಲೆ ನಾನು ಹುಡುಗಿಯಾಗಿ ಇರುತ್ತಲೇ ಇರಲಿಲ್ಲ. ನಮ್ಮ ಕಡೆಯ ತಂಡಗಳಲ್ಲಿ ಬಾಸ್ ನುಡಿಸುವವರೇ ಕೋಡಂಗಿಯೂ ಆಗಬೇಕು ಎಂಬುದು ಪದ್ಧತಿ. ಮುಂದಿನ ಎರಡು ಹಲ್ಲಿಗೆ ಕರಿ ಮೇಣ ಮೆತ್ತಿ, ದೊಗಲೆ ಲಂಗ ಹಾಕಿ, ತಲೆಗೆ ಹುಲ್ಲಿನ ಟೊಪ್ಪಿಗೆ ಇಟ್ಟು ನನ್ನನ್ನು 'ಬೊಚ್ಚು ಬಾಯಿ ಅತ್ತೆ' ಮಾಡಿದ್ದರು. ಅದಕ್ಕೆ ನನ್ನ ತಕರಾರೇನೂ ಇರಲಿಲ್ಲ. ನಗಿಸುವುದು ಕೆಟ್ಟ ಕೆಲಸವಲ್ಲ ಎಂದೇ ಆಗ ತಿಳಿದಿದ್ದೆ.

ತಂಡದಲ್ಲಿ ನಾವು ನಾಲ್ಕೇ ಜನ. ಯಜಮಾನ ಕ್ಲೀಟಸ್ ಸ್ಪ್ರೋಲ್, ಗಿಟಾರು ಮತ್ತು ಮಾತು ಅವನದು. ಅವನು ಗಣಿಯ ಕಡೆಯವನಲ್ಲ, ಕೆಳಗಿನ ತಂಬಾಕಿನ ಬಯಲಿನವನು. ಬ್ಯಾಂಜೊ ನುಡಿಸುತ್ತಿದ್ದವನು ಹೋಬಿ ಸ್ಟಲಾರ್ಡ್, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಪಿಟೀಲು ಆರ್ಬಿನ್ ರ್ಯಾಟ್ಲಿಫ್‌ನದು. ಅವನು ಇಪ್ಪತ್ತೆರಡು ವರ್ಷ ನೆಲದೊಳಗೆ ಕಲ್ಲಿದ್ದಲು ತೋಡಿದವನು. ಉಸಿರು ಸಾಲದು ಎಂದು ಕಂಪನಿಯವರು ಮನೆಗೆ ಕಳಿಸಿದ್ದರು. ಕಂಪನಿಯ ಡಾಕ್ಟರು ಅದನ್ನು ಗಣಿಯ ಧೂಳಿನ ಕಾಯಿಲೆ ಅನ್ನದೆ ಬರೀ ಗೂರಲು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರಂತೆ. ನಲವತ್ತಾರು ವರ್ಷದ ಆರ್ಬಿನ್ ಎರಡು ಮೆಟ್ಟಿಲು ಹತ್ತಿದರೆ ಕಟಕಟೆ ಹಿಡಿದು ನಿಲ್ಲುತ್ತಿದ್ದ. ಆದರೆ ಪಿಟೀಲಿನ ಕಮಾನು ಎಳೆಯಲು ಉಸಿರು ಬೇಕಾಗಿಲ್ಲವಲ್ಲ. ಅವನ ತೋಳು ಮಾತ್ರ ಗಾಳಿಯಲ್ಲಿ ಹಕ್ಕಿ ಹೋದ ಹಾಗೆ ಹೋಗುತ್ತಿತ್ತು.

ಈಗ ಮೈಕಿನ ವಿಷಯ ಹೇಳಬೇಕು. ನಾಲ್ವರಿಗೂ ಇದ್ದದ್ದು ಒಂದೇ ಮೈಕು. ಯಾರ ಸರದಿಯೋ ಅವರು ಮುಂದೆ ಬರಬೇಕು, ಮುಗಿದ ತಕ್ಷಣ ಓರೆಯಾಗಿ ಹಿಂದೆ ಸರಿಯಬೇಕು, ಅಷ್ಟರಲ್ಲಿ ಇನ್ನೊಬ್ಬರು ಆ ಸಂದಿಯಲ್ಲಿ ನುಗ್ಗಬೇಕು. ವಾದ್ಯಕ್ಕೆ ವಾದ್ಯ ತಾಗಬಾರದು. ನೋಡುವವರಿಗೆ ಕುಣಿತದ ಹಾಗೆ ಕಾಣುತ್ತಿತ್ತು. ನಮಗೆ ಅದು ಮರ್ಯಾದೆಯ ಲೆಕ್ಕ. ಒಂದು ಹೆಜ್ಜೆ ಹಿಂದೆ ಸರಿದರೆ ಇನ್ನೊಬ್ಬನಿಗೆ ದನಿ ಸಿಗುತ್ತಿತ್ತು.

ಆ ಮಾರ್ಚಿನಲ್ಲಿ ತಂಬಾಕಿನ ಬಯಲಿನ ಒಂದು ಶಾಲೆಯಲ್ಲಿ ಆಟವಿತ್ತು. ಕ್ಲೀಟಸ್ ಎಂದಿನಂತೆ ತನ್ನ ಹೆಂಡತಿಯ ಅಡುಗೆಯನ್ನು ಆಡಿಕೊಂಡು, "ನನ್ ಹೆಂಡ್ತಿ ಮಾಡಿದ್ ಕಾಫಿ ಕುಡಿದ್ಯಲ್ಲ ಆರ್ಬಿನ್, ಹೇಗಿತ್ತು ಅಂತ ಈ ಜನಕ್ಕೆ ಹೇಳು" ಅಂದ. ಚಮಚ ನೆಟ್ಟಗೆ ನಿಂತುಕೊಳ್ಳುವಷ್ಟು ಗಟ್ಟಿಯಾಗಿತ್ತು ಅಂತ ಆರ್ಬಿನ್ ಹೇಳಬೇಕಿತ್ತು. ಬಾಯಿ ತೆರೆದ, ಮಾತು ಬರಲಿಲ್ಲ, ಕೆಮ್ಮು ಬಂತು. ಮೈಕು ಅವನ ಬಾಯಿಗೆ ಗೇಣು ದೂರದಲ್ಲಿತ್ತು. ಆ ಕೆಮ್ಮು ಇಡೀ ಹಾಲಿನಲ್ಲಿ ಗುಡುಗಿತು.

ಜನ ಬಿದ್ದು ಬಿದ್ದು ನಕ್ಕರು. ಮುಚ್ಚಿಡುವುದೇನು, ನಾನೂ ನಕ್ಕೆ.

ವಾಪಸು ಬರುವಾಗ ಕ್ಲೀಟಸ್ ಕಾರು ಓಡಿಸುತ್ತಾ ತಂಬಾಕಿನ ಎಂಜಲನ್ನು ಕಾಫಿ ಡಬ್ಬಕ್ಕೆ ಉಗಿದ. ಆ ಡಬ್ಬ ಮುಂದಿನ ಸೀಟಿನಲ್ಲಿ ಕೂತವರ ಕಾಲ ಸಂದಿಯಲ್ಲಿ ಇರುತ್ತಿತ್ತು, ಅವತ್ತು ಅಲ್ಲಿ ಕೂತಿದ್ದವಳು ನಾನು. ತಿರುವಿನಲ್ಲೆಲ್ಲ ಅದು ತುಳುಕುತ್ತಿತ್ತು.

"ದೇವರೇ ಕೊಟ್ಟಿದ್ದು ಕಣೋ ಇದು," ಅಂದ ಕ್ಲೀಟಸ್. "ಎಂಟು ವರ್ಷದಿಂದ ಆ ಕಾಫಿ ಜೋಕು ಹೇಳ್ತಾ ಇದೀನಿ, ಇಷ್ಟು ನಗು ಯಾವತ್ತೂ ಬಂದಿರ್ಲಿಲ್ಲ."

"ಬೇಕಂತ ಮಾಡಿದ್ದಲ್ಲ ಅದು," ಅಂದ ಆರ್ಬಿನ್ ಹಿಂದಿನಿಂದ.

"ಅದೇ ಹೇಳ್ತಿರೋದು ಮಾರಾಯ. ಬೇಕಂತ ಮಾಡಿದ್ರೆ ಅಷ್ಟು ಚೆನ್ನಾಗಿ ಎಲ್ಲಿ ಬರತ್ತೆ?"

ಮುಂದಿನ ಶನಿವಾರ ಅವನು ಮತ್ತೆ ಅದೇ ಪ್ರಶ್ನೆ ಕೇಳಿದ, ಉತ್ತರ ಬರುವ ಮೊದಲೇ ಆರ್ಬಿನ್‌ನ ಬೆನ್ನಿಗೆ ಜೋರಾಗಿ ಗುದ್ದಿದ. ಕೆಮ್ಮು ಬಂತು, ನಗು ಬಂತು. ಅದರ ಮುಂದಿನ ವಾರ ಒಲೆಗೆ ಕಲ್ಲಿದ್ದಲು ಹಾಕುವ ಒಂದು ಬಕೆಟ್ಟನ್ನು ತಂದ. ಕೆಮ್ಮು ಶುರುವಾದಾಗ ಬೊಚ್ಚು ಬಾಯಿ ಅತ್ತೆ ಬಾಸನ್ನು ಗೋಡೆಗೆ ಒರಗಿಸಿ, ಓಡಿ ಹೋಗಿ ಬಕೆಟ್ಟು ತಂದು ಅವನ ಬಾಯಿಯ ಕೆಳಗೆ ಹಿಡಿಯಬೇಕು. ಕ್ಲೀಟಸ್ ಅದರೊಳಗೆ ಬಗ್ಗಿ ನೋಡಿ, "ಸಾಕು ಕಣೋ ಆರ್ಬಿನ್, ಈ ಚಳಿಗಾಲಕ್ಕೆ ಆಯ್ತು. ಮಿಕ್ಕಿದ್ದನ್ನ ಬರೋ ವರ್ಷಕ್ಕೆ ಇಟ್ಕೋ" ಅನ್ನಬೇಕು.

ಹಿಡಿದೆ. ಆ ಬಕೆಟ್ಟನ್ನು ಆರು ತಿಂಗಳು ನನ್ನ ಕೈಯಾರೆ ಹಿಡಿದೆ. ಕೆಲವು ಸಲ ಅದರಲ್ಲಿ ನಿಜವಾಗಿಯೂ ಏನಾದರೂ ಬೀಳುತ್ತಿತ್ತು, ಕರ್ರಗೆ, ಶಾಯಿಯ ಹಾಗೆ. ಆಟ ಮುಗಿದ ಮೇಲೆ ಶಾಲೆಯ ಬೋರಿನ ಹತ್ತಿರ ಅದನ್ನು ತೊಳೆಯುತ್ತಿದ್ದೆ. ಆರ್ಬಿನ್ ಹಿಂದೆಯೇ ಬಂದು ಕೈ ಚಾಚುತ್ತಿದ್ದ.

"ಕೊಡಿ ಟೀಚರಮ್ಮ, ನಾನೇ ತೊಳೀತೀನಿ. ಸೀಮೆಸುಣ್ಣ ಹಿಡಿಯೋ ಕೈ ನಿಮ್ದು."

"ಇರಲಿ ಬಿಡಿ."

"ಅದನ್ನ ನೋಡಬಾರ್ದು ನೀವು," ಅಂದು ಬಕೆಟ್ಟನ್ನು ಕಿತ್ತುಕೊಳ್ಳುತ್ತಿದ್ದ. ಅವಮಾನ ಆಗುತ್ತಿದ್ದದ್ದು ಅವನಿಗೆ, ಸಂಕೋಚಪಟ್ಟುಕೊಂಡು ಕ್ಷಮೆ ಕೇಳುವವನ ಹಾಗೆ ನಿಲ್ಲುತ್ತಿದ್ದವನೂ ಅವನೇ. ತಂಡ ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲಿಗೆ? ಗಣಿ ಅವನನ್ನು ಬಿಟ್ಟಾಗಿತ್ತು, ಅವನ ಕೈಯಲ್ಲಿ ಉಳಿದಿದ್ದ ಕೆಲಸ ಪಿಟೀಲೊಂದೇ.

ಹೋಬಿ ಮಾತ್ರ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಅಡ್ಡ ಬರುತ್ತಿದ್ದ. ಹಾಡಿನ ನಡುವೆ ಆರ್ಬಿನ್‌ನ ಭುಜ ಒಂದು ಥರ ಮೇಲೆ ಹೋದರೆ ಕೆಮ್ಮು ಬರುತ್ತದೆ ಅಂತ ಅವನಿಗೆ ಗೊತ್ತಾಗುತ್ತಿತ್ತು. ತಕ್ಷಣ ತನ್ನ ಸರದಿ ಅಲ್ಲದಿದ್ದರೂ ಹೋಬಿ ಮೈಕಿನ ಮುಂದೆ ಬಂದು ನಾಲ್ಕು ಗುಂಗುರು ಸ್ವರ ಸುರಿದುಬಿಡುತ್ತಿದ್ದ. ಬ್ಯಾಂಜೊದ ಗಲಾಟೆಯಲ್ಲಿ ಕೆಮ್ಮು ಯಾರಿಗೂ ಕೇಳದೆ ಮುಳುಗಿಹೋಗುತ್ತಿತ್ತು.

"ಹೋಬಿ, ನಿನ್ ಜಾಗ ಹಿಂದೆ," ಅಂತ ಕ್ಲೀಟಸ್ ಒಂದು ದಿನ ಗದರಿದ. "ಅವನು ಕೆಮ್ಮೋವಾಗ ಯಾಕೋ ನುಗ್ತೀಯ?"

"ಕಾಲು ತಾನಾಗೇ ಬರತ್ತೆ."

"ಕಾಲಿಗೆ ಹೇಳು, ತಂಡಕ್ಕೆ ಯಜಮಾನ ಒಬ್ಬ ಇದಾನೆ ಅಂತ."

ಹೋಬಿ ಬೇರೆ ಕಡೆ ನೋಡುತ್ತಾ ಬ್ಯಾಂಜೊದ ತಂತಿ ಬಿಗಿ ಮಾಡಿದ. ಆಮೇಲೂ ಹಾಡಿನ ನಡುವೆ ನುಗ್ಗುವುದನ್ನು ಬಿಡಲಿಲ್ಲ. ಕಾಫಿ ಜೋಕಿನ ಹೊತ್ತಿಗೆ ಮಾತ್ರ ಕ್ಲೀಟಸ್ ಅವನ ಬೆಲ್ಟು ಹಿಡಿದುಕೊಂಡೇ ನಿಲ್ಲುತ್ತಿದ್ದ, ಹಸುವನ್ನು ಹಿಡಿದ ಹಾಗೆ.

ಇನ್ನೊಂದು ವಿಷಯವಿದೆ. ಆರ್ಬಿನ್‌ನ ಪಿಟೀಲಿನ ಪೆಟ್ಟಿಗೆಯಲ್ಲಿ ಪ್ರತಿ ಶನಿವಾರ ಒಂದು ಕಾಗದದ ಪೊಟ್ಟಣದಲ್ಲಿ ಪೆಪ್ಪರ್‌ಮಿಂಟು ಇರುತ್ತಿತ್ತು. ಆರ್ಬಿನ್ ನನಗೆ ಅದಕ್ಕೆ ಥ್ಯಾಂಕ್ಸ್ ಹೇಳಿದ. ನಾನು ಇಟ್ಟದ್ದಲ್ಲ. ಹಿಂದೆ ನಿಂತಿದ್ದ ಹೋಬಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರಿಂದ ಸುಮ್ಮನಾದೆ. ಮಾಡದ ಒಳ್ಳೆಯತನಕ್ಕೆ ಬಂದ ಆ ಥ್ಯಾಂಕ್ಸು, ಹಿಡಿದ ಬಕೆಟ್ಟಿಗಿಂತ ಭಾರವಾಗಿತ್ತು.

ಅಕ್ಟೋಬರಿನಲ್ಲಿ ಲಿಕ್ ಫೋರ್ಕಿನಲ್ಲಿ ಆಟ ಗೊತ್ತಾಯಿತು. ಲಿಕ್ ಫೋರ್ಕ್ ಗಣಿಯ ಕೇರಿ. ಕಂಪನಿ ಕಟ್ಟಿಸಿದ ಎಂಬತ್ತು ಮನೆ, ಒಂದು ಅಂಗಡಿ, ಒಂದು ಶಾಲೆ. ಆರ್ಬಿನ್ ಹುಟ್ಟಿದ ಊರು ಅದು. ಅವನ ತಾಯಿ ಸಿಂಡಾ ಇನ್ನೂ ಅಲ್ಲೇ ಇದ್ದಳು. ಅವಳ ಗಂಡ, ಅಂದರೆ ಆರ್ಬಿನ್‌ನ ತಂದೆ, ಅದೇ ಕೆಮ್ಮಿನಲ್ಲಿ ಅದೇ ಮನೆಯಲ್ಲಿ ಸತ್ತದ್ದು. ಮಗ ವೇದಿಕೆಯ ಮೇಲೆ ನುಡಿಸುವುದನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ನಾವು ಬೆಳಿಗ್ಗೆ ಆರೂಕಾಲಿಗೆ ರೇಡಿಯೊದಲ್ಲಿ ನುಡಿಸುತ್ತಿದ್ದ ಕಾಲುಗಂಟೆಯನ್ನು ಮಾತ್ರ ದಿನಾ ಕೇಳುತ್ತಿದ್ದಳು. ಅದರಲ್ಲಿ ಹಾಡು, ಹಿಟ್ಟಿನ ಗಿರಣಿಯ ಜಾಹೀರಾತು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಬಕೆಟ್ಟಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಬುಧವಾರ ರೇಡಿಯೊ ಮುಗಿಸಿ ಹೊರಗೆ ಬಂದಾಗ ಆರ್ಬಿನ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಕ್ಲೀಟಸ್‌ನ ಮುಂದೆ ನಿಂತ.

"ಕ್ಲೀಟಸಣ್ಣ, ಒಂದ್ ಮಾತು."

"ಹೇಳೋ."

"ಲಿಕ್ ಫೋರ್ಕಲ್ಲಿ ಕಾಫಿ ಜೋಕು ಬೇಡ. ಅಮ್ಮ ಬರ್ತಾಳೆ. ಅಪ್ಪನ ಜೊತೆ ಕೆಲಸ ಮಾಡಿದೋರೂ ಬರ್ತಾರೆ. ಬೇರೆ ಎಲ್ಲಿ ಬೇಕಾದ್ರೂ ಮಾಡು, ಅಲ್ಲಿ ಒಂದು ಬೇಡ."

ಕ್ಲೀಟಸ್ ಅವನ ಹೆಗಲ ಮೇಲೆ ಕೈ ಹಾಕಿದ. ಅವನು ತಲೆಗೆ ಹಚ್ಚುತ್ತಿದ್ದ ಸಿಹಿ ಎಣ್ಣೆಯ ವಾಸನೆ ಇಷ್ಟು ದೂರ ನಿಂತ ನನಗೂ ಬಡಿಯಿತು.

"ಇಷ್ಟೇನಾ? ಅದಕ್ಕೆ ಯಾಕೋ ಟೊಪ್ಪಿ ತೆಗೀತೀಯ? ನಿಮ್ಮಮ್ಮನ ಮುಂದೆ ನಿನ್ನ ರಾಜನ ಹಾಗೆ ನಿಲ್ಲಿಸ್ತೀನಿ. ನನ್ ಮಾತು."

ಆರ್ಬಿನ್‌ನ ಮುಖ ಅರಳಿದ್ದನ್ನು ನೋಡಿದೆ. ಅದನ್ನು ನೋಡಿದ್ದಕ್ಕೇ ಮುಂದಿನದೆಲ್ಲ ನನಗೆ ಇಷ್ಟು ಹೇಸಿಗೆ ತರುತ್ತದೆ ಎಂದು ಕಾಣುತ್ತದೆ.

ಶನಿವಾರ ನಾಲ್ಕು ಗಂಟೆಗೇ ಲಿಕ್ ಫೋರ್ಕ್ ತಲುಪಿದೆವು. ಸಿಂಡಾ ನಮಗೆಲ್ಲ ಊಟ ಮಾಡಿಟ್ಟಿದ್ದಳು. ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಬೀನ್ಸು, ಹುರಿದ ಸೇಬು, ದೊಡ್ಡ ಹೂಜಿಯಲ್ಲಿ ಮಜ್ಜಿಗೆ. ಕುರ್ಚಿಯ ಮೇಲೆ ಕಲ್ಲಿದ್ದಲ ಧೂಳು ಗಳಿಗೆಗೊಮ್ಮೆ ಕೂರುವ ಊರು ಅದು. ಒಬ್ಬೊಬ್ಬರು ಕೂರುವ ಮೊದಲೂ ಅವಳು ಏಪ್ರನ್ನಿನ ತುದಿಯಿಂದ ಕುರ್ಚಿ ಒರೆಸಿದಳು. ನನ್ನ ಕುರ್ಚಿಯನ್ನು ಎರಡು ಸಲ.

"ನೀನೇ ಏನಮ್ಮ ಟೀಚರು? ಇಷ್ಟು ತೆಳ್ಳಗಿದೀಯ, ಅಷ್ಟು ದೊಡ್ಡ ವಾದ್ಯ ಹೇಗೆ ಎತ್ತುತೀಯ?"

"ಆರ್ಬಿನ್ ಎತ್ತಿಕೊಡ್ತಾರೆ," ಅಂದೆ. ಅದು ಸುಳ್ಳು. ಎತ್ತುತ್ತಿದ್ದವನು ಹೋಬಿ. ಹೋಬಿ ತಲೆ ಬಗ್ಗಿಸಿ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕುತ್ತಾ, "ಹೌದು, ಅವನೇ" ಅಂದ.

ಮುದುಕಿ ಮಗನ ತೋಳು ಮುಟ್ಟಿ ನೋಡಿದಳು. "ಕೆಮ್ಮು ಹೇಗಿದೆಯೋ?"

"ಇಲ್ಲಮ್ಮ, ಈಗೇನಿಲ್ಲ."

ಕ್ಲೀಟಸ್ ಬೀನ್ಸಿನ ರಸವನ್ನು ರೊಟ್ಟಿಯಲ್ಲಿ ಸವರಿ ಸವರಿ ತಿನ್ನುತ್ತಿದ್ದ. ಗಲ್ಲದ ಮೇಲೆ ಹಂದಿ ಕೊಬ್ಬಿನ ಜಿಡ್ಡು ಹೊಳೆಯುತ್ತಿತ್ತು. "ಏನೂ ಇಲ್ಲ ಅಜ್ಜಿ, ಗುಂಡುಕಲ್ಲಿನ ಹಾಗಿದಾನೆ ನಿಮ್ಮ ಮಗ," ಅಂದು ನನಗೆ ಕಣ್ಣು ಹೊಡೆದ. ಆ ಕಣ್ಣಿನ ಅರ್ಥ ನನಗೆ ಆಗಲೇ ಗೊತ್ತಾಯಿತು.

ಶಾಲೆಗೆ ಹೋದ ಮೇಲೆ ವಾದ್ಯ ಇಳಿಸುವಾಗ ನಾನೊಂದು ಕೆಲಸ ಮಾಡಿದೆ. ಕಾರಿನ ಹಿಂದಿದ್ದ ಬಕೆಟ್ಟನ್ನು ಸೀಟಿನ ಕೆಳಗೆ ತಳ್ಳಿ, ಅದರ ಮೇಲೆ ನನ್ನ ಕೋಟು ಹಾಕಿದೆ. ಬಕೆಟ್ಟೇ ಇಲ್ಲದಿದ್ದರೆ ಜೋಕು ಹೇಗೆ ಮಾಡುತ್ತಾನೆ ಎಂದುಕೊಂಡೆ. ನೇರವಾಗಿ ಅವನ ಎದುರು ನಿಂತು 'ಬೇಡ' ಎನ್ನುವ ಬದಲು ಕೋಟು ಹೊದಿಸಿ, ಏನೋ ದೊಡ್ಡದು ಮಾಡಿದ ಹಾಗೆ ನೆಮ್ಮದಿಯಿಂದ ಹಲ್ಲಿಗೆ ಮೇಣ ಮೆತ್ತಿಕೊಂಡೆ. ನನ್ನಂಥ ಮೆದು ಜನ ಮಾಡುವ ತಪ್ಪು ಇದೇ.

ಆರು ಗಂಟೆಗೆ ಹಾಲು ತುಂಬಿತ್ತು. ಬಿಳಿ ಅಂಗಿ ಹಾಕಿ, ಕತ್ತಿನವರೆಗೆ ಗುಂಡಿ ಹಾಕಿಕೊಂಡ ಗಂಡಸರು. ಗಾಯದೊಳಗೆ ಕಲ್ಲಿದ್ದಲ ಧೂಳು ಕೂತು, ಎಷ್ಟು ಉಜ್ಜಿದರೂ ಹೋಗದ ನೀಲಿ ಗುರುತುಗಳು ಅವರ ಮುಖದ ಮೇಲೆ. ಸಿಂಡಾ ಎರಡನೇ ಸಾಲಿನಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು. ಮೂಲೆಯಲ್ಲಿ ಒಲೆ ಉರಿಯುತ್ತಿತ್ತು.

ಆರ್ಬಿನ್ ಆ ಸಂಜೆ ನುಡಿಸಿದ ಹಾಗೆ ಯಾವತ್ತೂ ನುಡಿಸಿದ್ದಿಲ್ಲ. ಬಾಸಿನ ಹಿಂದಿನಿಂದ ನಾನು ಇನ್ನೊಂದನ್ನೂ ಗಮನಿಸಿದೆ. ಹಾಡಿನ ಮಧ್ಯೆ ಹಿಂದಿನ ಸಾಲಿನಿಂದ ಒಬ್ಬೊಬ್ಬ ಗಂಡಸು ಎದ್ದು ತುದಿಗಾಲಲ್ಲಿ ಹೊರಗೆ ಹೋಗುತ್ತಿದ್ದ, ಬಾಗಿಲು ಮುಚ್ಚಿಕೊಳ್ಳುತ್ತಿದ್ದ, ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಒಳಗೆ ಬರುತ್ತಿದ್ದ. ಮೊದಲು ಕುಡಿಯಲು ಹೋಗುತ್ತಾರೆಂದುಕೊಂಡೆ. ಆಮೇಲೆ ತಿಳಿಯಿತು. ಕೆಮ್ಮಲು ಹೋಗುತ್ತಿದ್ದರು. ತಮ್ಮೂರಿನವನ ಪಿಟೀಲಿನ ಮೇಲೆ ತಮ್ಮ ಕೆಮ್ಮು ಬೀಳಬಾರದೆಂದು. ಎದ್ದು ಹೋಗಲು ಜಾಗವಿಲ್ಲದ ಮುಂದಿನ ಸಾಲಿನವರು ಕರವಸ್ತ್ರ ಬಾಯಿಗೊತ್ತಿ, ಕತ್ತು ಕೆಂಪಗಾಗುವ ತನಕ ತಡೆದುಕೊಂಡು ಕೂತಿದ್ದರು.

ಎಂಟನೆಯ ಹಾಡು ಮುಗಿಯಿತು. ಕ್ಲೀಟಸ್ ಮೈಕಿನ ಮುಂದೆ ಬಂದ.

"ನಿಮ್ಮೂರಿನ ಮಗ ಇವನು. ಇವನ ತಾಯಿ ಕೈ ಊಟ ಇವತ್ತು ಉಂಡೆ. ಇನ್ನು ನನ್ ಹೆಂಡ್ತಿ ಕೈ ಕಾಫಿ ಹೇಗಿರತ್ತೆ ಅಂತ ಇವನನ್ನೇ ಕೇಳೋಣ."

ಆರ್ಬಿನ್ ಅವನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಏನೋ ತಪ್ಪಿ ಬಾಯಿಗೆ ಬಂದಿರಬೇಕು, ಈಗ ಸರಿ ಮಾಡುತ್ತಾನೆ ಎಂದು ಕಾಯುವ ನೋಟ. ಕ್ಲೀಟಸ್ ಅವನ ಬೆನ್ನಿಗೆ ಗುದ್ದಿದ.

ಕೆಮ್ಮು ಬಂತು. ಅಮ್ಮನ ಮನೆಗೆ ಬಂದಾಗಿನಿಂದ ಕಟ್ಟಿಟ್ಟಿದ್ದ ಕೆಮ್ಮು, ನಿಲ್ಲಲೇ ಇಲ್ಲ.

"ಅತ್ತೆ, ಬಕೆಟ್ ಎಲ್ಲಿ?"

ನಾನು ಕದಲಲಿಲ್ಲ. ಕ್ಲೀಟಸ್ ಸುತ್ತ ನೋಡಿದ. ಒಲೆಯ ಪಕ್ಕದಲ್ಲಿ ಬಕೆಟ್ಟಿತ್ತು. ಇರದೆ ಏನು, ಗಣಿಯ ಕೇರಿಯ ಶಾಲೆ ಅದು. ಅವನು ವೇದಿಕೆಯಿಂದ ಜಿಗಿದು ಆ ಬಕೆಟ್ಟನ್ನೇ ಎತ್ತಿ ತಂದ. ಅದರಲ್ಲಿ ನಿಜವಾದ ಕಲ್ಲಿದ್ದಲಿತ್ತು, ಅಲ್ಲಿ ಕೂತಿದ್ದವರೇ ತೋಡಿ ತೆಗೆದದ್ದು. ಅದನ್ನು ಆರ್ಬಿನ್‌ನ ಬಾಯಿಯ ಕೆಳಗೆ ಹಿಡಿದು ಗಡಗಡ ಅಲ್ಲಾಡಿಸಿದ.

"ನೋಡ್ರಪ್ಪ, ತುಂಬಿಸೇಬಿಟ್ಟ. ಸಾಕು ಕಣೋ, ಈ ಚಳಿಗಾಲಕ್ಕೆ ಆಯ್ತು."

ಯಾರೂ ನಗಲಿಲ್ಲ. ಮುನ್ನೂರು ಜನರಿದ್ದ ಹಾಲಿನಲ್ಲಿ ಒಲೆಯೊಳಗೆ ಕೆಂಡ ಮುರಿದ ಸದ್ದು ಕೇಳಿಸಿತು. ಆಮೇಲೆ ಮೂರನೇ ಸಾಲಿನಲ್ಲಿ ಒಬ್ಬ ಮುದುಕ ಕೆಮ್ಮಿದ. ಅಣಕಿಸಲು ಅಲ್ಲ, ತಡೆದು ತಡೆದು ಅವನಿಗೂ ಸಾಕಾಗಿತ್ತು. ಅವನ ಪಕ್ಕದವನು ಕೆಮ್ಮಿದ. ಕಿಟಕಿಯ ಹತ್ತಿರ ಇಬ್ಬರು. ಒಂದು ನಿಮಿಷದಲ್ಲಿ ಹಾಲಿನ ಗಂಡಸರೆಲ್ಲ ಕೆಮ್ಮುತ್ತಿದ್ದರು. ಸಂಜೆಯಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂದಿತ್ತು. ಹೆಂಗಸರು ಯಾರ ಮುಖವನ್ನೂ ಯಾರೂ ನೋಡದೆ ನೆಲ ನೋಡುತ್ತಿದ್ದರು.

ಕ್ಲೀಟಸ್‌ನ ಮುಖದಲ್ಲಿ ಸಂತೋಷ ಮೂಡಿತು. ಅವರು ಜೊತೆಗೂಡುತ್ತಿದ್ದಾರೆ ಎಂದುಕೊಂಡ. ಬಕೆಟ್ಟು ಕೆಳಗಿಟ್ಟು, ಎರಡೂ ಕೈ ಮೇಲೆತ್ತಿ, ಚರ್ಚಿನಲ್ಲಿ ಹಾಡು ಹೇಳಿಸುವವರು ಕೈ ಆಡಿಸುವ ಹಾಗೆ ಆಡಿಸತೊಡಗಿದ. "ಈ ಕಡೆಯೋರು ಜೋರಾಗಿ," ಅಂದ. "ಈಗ ಆ ಕಡೆಯೋರು."

ಅಷ್ಟು ಹೇಸಿಗೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಬೆರಳು ಬಾಯಿಗೆ ಹಾಕಿ ಮೇಣ ಕಿತ್ತು ನೆಲಕ್ಕೆಸೆದೆ. ಬಾಸನ್ನು ಎತ್ತಿಕೊಂಡು ಮೈಕಿನ ಹತ್ತಿರ ಬಂದೆ. ಆಗಲೇ ಹೋಬಿ ಬಂದಾಗಿತ್ತು. ಅವನು ಒಂದು ನಿಧಾನದ ವಾಲ್ಟ್ಸ್ ಶುರು ಮಾಡಿದ. ಊಟದ ಹೊತ್ತಿನಲ್ಲಿ ಸಿಂಡಾ ತಾನು ಕೇಳಬೇಕು ಎಂದು ಹೇಳಿದ್ದ ಮಟ್ಟು ಅದು, ಆರ್ಬಿನ್‌ನ ತಂದೆಗೆ ಇಷ್ಟವಾದದ್ದು. ನಾನು ಬಾಸು ಸೇರಿಸಿದೆ. ನಮ್ಮಿಬ್ಬರ ನಡುವೆ ಆರ್ಬಿನ್‌ಗೆ ಜಾಗ ಬಿಟ್ಟೆವು. ಅವನು ಬಾಯಿ ಒರೆಸಿಕೊಂಡು, ಕರವಸ್ತ್ರವನ್ನು ನೀಟಾಗಿ ಮಡಚಿ ಜೇಬಿಗಿಟ್ಟು, ಪಿಟೀಲು ಎತ್ತಿದ.

ಕ್ಲೀಟಸ್ ಗಿಟಾರು ಹಿಡಿದು ಬಂದ. ಅವನು ಬಲಕ್ಕೆ ಬಂದರೆ ಹೋಬಿಯ ಭುಜ, ಎಡಕ್ಕೆ ಬಂದರೆ ನನ್ನ ಬಾಸಿನ ಬೆನ್ನು. ಅಲ್ಲಿಯವರೆಗೆ ಸರಿದು ದಾರಿ ಬಿಡುವುದನ್ನೇ ಕಲಿತ ನಾವು ಅವತ್ತು ಸರಿಯಲಿಲ್ಲ. ಅವನು ಹಿಂದೆ ನಿಂತು ಬಾರಿಸಿದ್ದೂ ಹಾಡಿದ್ದೂ ಮೊದಲ ಸಾಲಿಗೂ ಕೇಳಿಸಲಿಲ್ಲ. ಹಾಲಿನಲ್ಲಿ ಕೆಮ್ಮು ಒಂದೊಂದಾಗಿ ನಿಂತಿತು.

ಮಟ್ಟು ಮುಗಿದಾಗ ಆರ್ಬಿನ್ ಮೈಕಿಗೆ ಬಗ್ಗಿದ. "ಅಮ್ಮ, ರಾತ್ರಿ ಊಟಕ್ಕೆ ಕಾಯಬೇಡ ಅಂದಿದ್ದೆ. ಮನೇಲೇ ಇರ್ತೀನಿ," ಅಂದ. ಪಿಟೀಲನ್ನು ಪೆಟ್ಟಿಗೆಗಿಟ್ಟು, ವೇದಿಕೆಯಿಂದ ಇಳಿದು, ನಡುವಿನ ದಾರಿಯಲ್ಲಿ ನಡೆದ. ಸಿಂಡಾ ಎದ್ದು ಅವನ ಹಿಂದೆ ಹೋದಳು. ಹೋಗುವ ಮೊದಲು ಒಂದು ಗಳಿಗೆ ನಿಂತು ನನ್ನನ್ನು ನೋಡಿದಳು. ಅವಳು ನೋಡಿದ್ದು ನನ್ನ ಕೋಡಂಗಿ ಲಂಗವನ್ನೋ ನನ್ನನ್ನೋ ಗೊತ್ತಾಗಲಿಲ್ಲ.

ಕ್ಲೀಟಸ್‌ಗೆ ಸಿಟ್ಟು ಬಂದಿರುತ್ತದೆ ಎಂದುಕೊಂಡಿದ್ದೆ. ಸಿಟ್ಟಾದರೂ ಬಂದಿದ್ದರೆ ಅವನಿಗೆ ಏನೋ ತಾಗಿದೆ ಎಂದಾಗುತ್ತಿತ್ತು. ಕಾರಿನ ಹತ್ತಿರ ನಿಂತು ಅವನು ಡಬ್ಬಕ್ಕೆ ಉಗಿದು, ಅಂಗಿ ತೋಳಿನಲ್ಲಿ ತುಟಿ ಒರೆಸಿಕೊಂಡು ನಕ್ಕ.

"ನೋಡಿದ್ರಾ ಟೀಚರಮ್ಮ? ಇಡೀ ಹಾಲೇ ಸೇರ್ಕೊಂಡಿತು. ಇನ್ಮೇಲೆ ಎಲ್ಲಾ ಕಡೆ ಜನರ ಕೈಲೇ ಕೆಮ್ಮಿಸಬೇಕು. ನಂಗೆ ಯಾಕೆ ಮೊದ್ಲೇ ಹೊಳೀಲಿಲ್ಲ?"

"ನೀವು ಅವನಿಗೆ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ನಿಂತ್ಕೊಂಡಾಗ ಜನ ಸ್ವಲ್ಪ ಬಿಗಿಯಾಗಿದ್ರು, ಸಡಿಲ ಮಾಡೋಣ ಅಂತ. ಅವನ ಒಳ್ಳೇದಕ್ಕೇ ಅಲ್ವಾ?"

"ಆ ಜನಕ್ಕೆ ನಿಜವಾಗ್ಲೂ ಕೆಮ್ಮಿದೆ, ಕ್ಲೀಟಸ್."

"ಇರತ್ತೆ," ಅಂದ ಅವನು. "ಅದಕ್ಕೇ ಅಷ್ಟು ಚೆನ್ನಾಗಿ ಬಂತು."

ಆ ಗಳಿಗೆಯಲ್ಲೇ ತಂಡ ಬಿಟ್ಟೆ ಎಂದು ಬರೆಯಲು ನನಗೂ ಆಸೆ. ಬಿಡಲಿಲ್ಲ. ಇನ್ನೂ ಮೂರು ವಾರ ಬೆಳಿಗ್ಗೆ ಆರೂಕಾಲಿಗೆ ಹೋಗಿ ಬಾಸು ನುಡಿಸಿದೆ. ಬಾಸನ್ನು ಬಿಟ್ಟು ಬದುಕುವುದು ಹೇಗೆ ಎಂದು ಗೊತ್ತಿರಲಿಲ್ಲ, ಅಷ್ಟೇ. ಮೂರನೇ ವಾರ ಹೊಸ ಪಿಟೀಲಿನವನು ಬಂದ. ರಸ್ಸಲ್ ಎಂದು ಹೆಸರು, ಬ್ರೆಡ್ಡಿನ ಲಾರಿ ಓಡಿಸುತ್ತಿದ್ದ, ಮೂವತ್ತರ ಗಟ್ಟಿಮುಟ್ಟಾದ ಆಳು. ನಾನು ಹೋದಾಗ ರೇಡಿಯೊ ಸ್ಟೇಷನ್ನಿನ ಓಣಿಯಲ್ಲಿ ಕ್ಲೀಟಸ್ ಅವನಿಗೆ ಪಾಠ ಹೇಳುತ್ತಿದ್ದ.

"ಗಂಟಲಿಂದ ಬೇಡ. ಗಂಟಲಿಂದ ಬಂದ್ರೆ ನೆಗಡಿ ಅನ್ಸತ್ತೆ. ಎದೆಯಿಂದ ಬರಲಿ, ಒಳಗೆ ಕಲ್ಲು ಉರುಳಿದ ಹಾಗೆ."

ರಸ್ಸಲ್ ಕೆಮ್ಮಿದ.

"ಇನ್ನೂ ಒಳಗಿಂದ. ಕಣ್ಣಲ್ಲಿ ನೀರು ಬರಬೇಕು."

ರಸ್ಸಲ್ ಮತ್ತೆ ಕೆಮ್ಮಿ, ಆರೋಗ್ಯವಾಗಿ ಗಹಗಹಿಸಿ ನಕ್ಕ. ಕೆಟ್ಟವನೇನಲ್ಲ ಅವನು. ನನ್ನನ್ನು ಕಂಡು ಗೋಡೆಗೆ ಸರಿದು ದಾರಿ ಬಿಟ್ಟ. ನಾನು ಹೋಬಿಯ ಕೈಗೆ ಸ್ಟುಡಿಯೊದಲ್ಲಿದ್ದ ನನ್ನ ಸ್ವರದ ಪುಸ್ತಕ ಕೊಟ್ಟು, "ಇವತ್ತಿಂದ ಬರಲ್ಲ" ಅಂದೆ. ಹೋಬಿ ತಲೆಯಾಡಿಸಿದ. ಅವನ ಮನೆಯಲ್ಲಿ ಐದು ಮಕ್ಕಳಿದ್ದವು. ನನ್ನ ಬಾಸನ್ನು ಹೊತ್ತು, ಮಂಜು ಬಿದ್ದ ರಸ್ತೆಯಲ್ಲಿ ಅರ್ಧ ಮೈಲಿ ನಡೆದು, ನನ್ನ ಬಾಡಿಗೆ ಮನೆಯ ಜಗಲಿಯಲ್ಲಿಟ್ಟು, ಕಾರ್ಯಕ್ರಮಕ್ಕೆ ಹೊತ್ತಾಯಿತೆಂದು ಓಡುತ್ತಾ ಹಿಂದೆ ಹೋದ.

ಡಿಸೆಂಬರಿನ ಒಂದು ಶನಿವಾರ ಲಿಕ್ ಫೋರ್ಕಿಗೆ ಹೋದೆ. ಹಿಂದಿನ ಸಂಜೆಯ ಬಸ್ಸಿನಲ್ಲಿ ಹೋಗಿ, ಅಲ್ಲಿನ ಶಾಲೆಯ ಟೀಚರ ಮನೆಯಲ್ಲಿ ಉಳಿದು, ಬೆಳಿಗ್ಗೆ ಬೇಗ ಸಿಂಡಾಳ ಬಾಗಿಲು ತಟ್ಟಿದೆ. ನಾಲ್ಕು ದಿಂಬು ಒರಗಿಕೊಂಡು ಆರ್ಬಿನ್ ಅಡುಗೆ ಮನೆಯ ಒಲೆಯ ಪಕ್ಕದ ಮಂಚದಲ್ಲಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲವಂತೆ. ನನ್ನನ್ನು ನೋಡಿ ಎದ್ದೇಳಲು ಹೋದ, ನಾನು ಕೈ ಹಿಡಿದು ಕೂರಿಸಿದೆ. ಸಿಂಡಾ ಏಪ್ರನ್ನಿನಿಂದ ಕುರ್ಚಿ ಒರೆಸಿದಳು.

"ಅವತ್ತು ಬಕೆಟ್ ನಾನು ತರಲಿಲ್ಲ," ಅಂದೆ ಅವಳಿಗೆ. "ಆದ್ರೆ ಬೇರೆ ಊರುಗಳಲ್ಲಿ ನಾನೇ ಹಿಡೀತಿದ್ದೆ. ನಿಮಗದು ಗೊತ್ತಿರಬೇಕು. ಆ ಪೆಪ್ಪರ್‌ಮಿಂಟೂ ನಂದಲ್ಲ, ಹೋಬೀದು."

ಆರ್ಬಿನ್ ನಕ್ಕ. "ಅದು ಗೊತ್ತಿತ್ತು ಬಿಡಿ. ಅವನ ಜೇಬಲ್ಲೂ ಅದೇ ವಾಸನೆ ಇರ್ತಿತ್ತು. ಹೇಳಿದ್ರೆ ಇಡೋದು ನಿಲ್ಲಿಸಿಬಿಡ್ತಾನೆ ಅಂತ ನಿಮಗೆ ಥ್ಯಾಂಕ್ಸ್ ಹೇಳಿದೆ."

ಸಿಂಡಾ ನನ್ನ ಮುಂದೆ ರೊಟ್ಟಿ ಮಜ್ಜಿಗೆ ಇಟ್ಟಳು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ತುಂಡು ರೊಟ್ಟಿ ಹಾಕಿ, "ತಿನ್ನಮ್ಮ, ಬಿಸಿ ಇದೆ" ಅಂದಳು.

ಗಡಿಯಾರ ಆರೂಕಾಲು ತೋರಿಸಿತು. ಆರ್ಬಿನ್ ರೇಡಿಯೊ ಕಡೆ ಕೈ ಮಾಡಿದ.

"ಬೇಡ ಕಣೋ," ಅಂದಳು ತಾಯಿ.

"ಹೊಸಬ ಹೇಗೆ ನುಡಿಸ್ತಾನೆ ಕೇಳಬೇಕು."

ಹೊಸಬ ಪರವಾಗಿಲ್ಲ, ಕೈ ಸ್ವಲ್ಪ ಒರಟು. ಎರಡು ಹಾಡು, ಹಿಟ್ಟಿನ ಜಾಹೀರಾತು. ಆಮೇಲೆ ಕ್ಲೀಟಸ್‌ನ ದನಿ, ರೇಡಿಯೊದಲ್ಲಿ ಇನ್ನೂ ಜಿಡ್ಡು ಜಿಡ್ಡಾಗಿ: "ಈ ನಮ್ಮ ಹೊಸ ಪಿಟೀಲಪ್ಪ ಗಣಿಯಿಂದ ಈಗ ತಾನೇ ಮೇಲೆ ಬಂದಿದಾನೆ. ನನ್ ಹೆಂಡ್ತಿ ಕಾಫಿ ಹೇಗಿತ್ತಪ್ಪ?" ಬಕೆಟ್ಟಿನಲ್ಲಿ ಕಲ್ಲಿದ್ದಲು ಗಡಗಡ ಅಂದಿತು. ನನ್ನ ಬಾಯಲ್ಲಿದ್ದ ರೊಟ್ಟಿ ಮಣ್ಣಾಯಿತು. ಬ್ರೆಡ್ಡಿನ ಲಾರಿಯವನ ಗಟ್ಟಿ ಎದೆಯಿಂದ ಮೊದಲ ಕೆಮ್ಮು ಬಂತು, ಕಲಿಸಿದ ಹಾಗೇ, ಒಳಗೆ ಕಲ್ಲು ಉರುಳಿದ ಹಾಗೆ.

ಎರಡನೆಯದು ಕೇಳಿಸಲಿಲ್ಲ. ಅದರ ಮೇಲೆ ಬ್ಯಾಂಜೊ ಸುರಿಯಿತು, ನಾಲ್ಕು ಗುಂಗುರು ಸ್ವರ, ಮತ್ತೆ ನಾಲ್ಕು. ಕ್ಲೀಟಸ್ ಏನೋ ಅಂದದ್ದು ದೂರದಲ್ಲಿ ಕೇಳಿಸಿತು. ಬ್ಯಾಂಜೊ ನಿಲ್ಲಲಿಲ್ಲ.

ಆರ್ಬಿನ್ ದಿಂಬಿಗೆ ಒರಗಿ ಕಣ್ಣು ಮುಚ್ಚಿದ. "ಹೋಬಿ ಮುಂದೆ ಬಂದ," ಅಂದ.

ಸಿಂಡಾ ಎದ್ದು ರೇಡಿಯೊ ಆರಿಸಿದಳು. ಆಮೇಲೆ ಏಪ್ರನ್ನಿನ ತುದಿಯಿಂದ ಅದರ ತಿರುಗಣೆಯನ್ನು ಒರೆಸಿದಳು, ಸುತ್ತಲೂ, ಒಳಗೆಲ್ಲ. ಏಪ್ರನ್ನನ್ನು ಬಿಚ್ಚಿ ತೊಳೆಯುವ ಬಟ್ಟೆಯ ಬುಟ್ಟಿಗೆ ಹಾಕಿ, ಗೂಟದಿಂದ ಬೇರೆಯದನ್ನು ತೆಗೆದು ಕಟ್ಟಿಕೊಂಡಳು.